ಹಳೇ ಕಾರು ಕೊಳ್ಳಹೊರಟ ಅಳಿಯನಿಗೆ

ಅಳಿಯಾ,

ನೀನು ಕಳಿಸಿದ ಮರ್ಸಿಡಿಸ್ಸಿನ ಫೋಟೊಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಕಾರು ಚೆಂದ ಉಂಟು, ಅದರಲ್ಲಿ ಎರಡು ಮಾತಿಲ್ಲ. ಕ್ರೋಮ್ ಹೊಳೆಯುತ್ತದೆ, ಸೀಟು ಹರಿದಿಲ್ಲ, ಬಾನೆಟ್ಟಿನ ಮೇಲೆ ಆ ಮೂರು ಕಡ್ಡಿಯ ನಕ್ಷತ್ರ ನೆಟ್ಟಗೆ ನಿಂತಿದೆ. ನನ್ನ ಕಣ್ಣಿಗೆ ಚುಚ್ಚಿದ್ದು ಫೋಟೊದ ಕೆಳಗೆ ಏಜೆಂಟ್ ಬರೆದ ಸಾಲು: '1977 ಮಾಡೆಲ್, ಪಾರ್ಸಿ ಓನರ್, ಸರ್ಟಿಫೈಡ್ ಕ್ಲಾಸಿಕ್.' ಸರ್ಟಿಫೈ ಮಾಡಿದ್ದು ಯಾರು ಅಂತ ಕೇಳಿದೆಯಾ?

ಕೇಳಿರಲಿಕ್ಕಿಲ್ಲ. ಕಾರಿನ ಮೇಲೆ ಕಣ್ಣು ಬಿದ್ದ ಮೇಲೆ ಯಾರೂ ಕೇಳುವುದಿಲ್ಲ. ನಾನು ಈ ಮುಂಬಯಿಯಲ್ಲಿ ಇನ್ಶೂರೆನ್ಸ್ ಸರ್ವೇಯರಾಗಿ ತಲೆ ನರೆಸಿಕೊಂಡವನು. ಕೊಲಾಬಾದಿಂದ ದಹಿಸರದವರೆಗೆ ಗುದ್ದಿದ, ಸುಟ್ಟ, ಮುಳುಗಿದ ಗಾಡಿಗಳ ಅಡಿಗೆ ಬಗ್ಗಿ ಚಾಸಿ ನಂಬರ್ ಓದುವುದೇ ನನ್ನ ಉದ್ಯೋಗವಾಗಿತ್ತು. ಅಕ್ಕ ಫೋನ್ ಮಾಡಿ "ನಿನ್ನ ಅಳಿಯನಿಗೆ ನಾಲ್ಕು ಮಾತು ಹೇಳು ಮಾರಾಯಾ, ಫ್ಲ್ಯಾಟಿನ ಸಾಲವೇ ತೀರಿಲ್ಲ" ಅಂದಳು. ಕೊಳ್ಳಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೊಳ್ಳು. ಆದರೆ ಅದು ಯಾರ ಲೆಕ್ಕದಲ್ಲಿ ಹಳೆಯ ಕಾರು, ಆ ಲೆಕ್ಕ ನಿನ್ನಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ತಿಳಿದುಕೊಂಡು ಕೊಳ್ಳು.

ಮೊದಲು ಸರ್ಕಾರದ ಲೆಕ್ಕ. ನಮ್ಮ ಮೋಟಾರು ವಾಹನ ನಿಯಮಗಳಲ್ಲಿ 'ಕ್ಲಾಸಿಕ್' ಎಂಬ ವರ್ಗವೇ ಇಲ್ಲ. ಇರುವುದು 'ವಿಂಟೇಜ್' ಒಂದೇ. ಅದೂ ಬಂದದ್ದು ಈಚೆಗೆ, 2021ರ ಜುಲೈಯಲ್ಲಿ, ಕೇಂದ್ರ ಸಾರಿಗೆ ಸಚಿವಾಲಯ ನಿಯಮಗಳನ್ನು ತಿದ್ದಿದಾಗ. ಅದರ ಪ್ರಕಾರ ಮೊದಲ ಮಾರಾಟದ ನಂತರ ಮೊದಲ ಸಲ ರಿಜಿಸ್ಟರ್ ಆದ ದಿನದಿಂದ 50 ವರ್ಷ ದಾಟಿರಬೇಕು. ಗಾಡಿ ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಈ ಮೂರರಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ಸ್ಕೂಟರು, ಬೈಕುಗಳಿಗೂ ಇದೇ ನಿಯಮ. ವಿದೇಶದಿಂದ ತರಿಸಿದ ಗಾಡಿಯಾದರೂ ಸರಿ.

ಇಲ್ಲಿ ಗಮನಿಸು, ಲೆಕ್ಕ 'ಮಾಡೆಲ್' ವರ್ಷದಿಂದಲ್ಲ, ರಿಜಿಸ್ಟ್ರೇಶನ್ ದಿನದಿಂದ. ನಿನ್ನ ಏಜೆಂಟ್ ಹೇಳುವ 1977 ನಿಜವೇ ಆದರೂ ಆ ಕಾರಿಗೆ 50 ತುಂಬುವುದು 2027ರಲ್ಲಿ. ಅದು 77ರಲ್ಲಿ ಜರ್ಮನಿಯಲ್ಲಿ ತಯಾರಾಗಿ, 78ರ ಕೊನೆಗೆ ರಸ್ತೆಗೆ ಇಳಿದಿದ್ದರೆ ಇನ್ನೂ ಮುಂದಕ್ಕೆ. ಹಾಗಾದರೆ ಈಗ ಅವನ ಕೈಯಲ್ಲಿರುವ 'ಸರ್ಟಿಫಿಕೇಟ್' ಯಾವುದು? ನನ್ನ ಅಂದಾಜು, ಯಾವುದೋ ರ್‍ಯಾಲಿಯಲ್ಲಿ ಬಾಗಿಲಿಗೆ ಅಂಟಿಸಿದ ನಂಬರ್ ಸ್ಟಿಕ್ಕರ್. ಮುಂಬಯಿಯಲ್ಲಿ 2014ರಿಂದ ಬರೀ ಮರ್ಸಿಡಿಸ್ಸುಗಳದ್ದೇ ಕ್ಲಾಸಿಕ್ ಕಾರ್ ರ್‍ಯಾಲಿ ನಡೆಯುತ್ತಿದೆ, ನೀನು ತೋರಿಸಿದ ಡಬ್ಲ್ಯು123 ಮಾಡೆಲಿನವೂ ಅದರಲ್ಲಿ ಬರುತ್ತವೆ. ಬರಲಿ, ಚೆಂದವೇ. ರ್‍ಯಾಲಿಯಲ್ಲಿ ಓಡಿದ್ದಕ್ಕೂ ತಾರ್‌ದೇವ್ ಆರ್‌ಟಿಒ ಪುಸ್ತಕದಲ್ಲಿ ವಿಂಟೇಜ್ ಎಂದು ಬರೆಯುವುದಕ್ಕೂ ಸಂಬಂಧ ಇಲ್ಲ.

ವಿಂಟೇಜ್ ಎಂದು ಬರೆಸಿಕೊಳ್ಳುವ ದಾರಿ ಕಷ್ಟದ್ದೇನಲ್ಲ. ಪರಿವಾಹನ್ ಪೋರ್ಟಲ್ಲಿನಲ್ಲಿ ಫಾರ್ಮ್ 20 ತುಂಬಬೇಕು, ಇನ್ಶೂರೆನ್ಸ್ ಪಾಲಿಸಿ ಲಗತ್ತಿಸಬೇಕು. ಇಲ್ಲಿಯದೇ ಗಾಡಿಯಾದರೆ ಹಳೆಯ ಆರ್‌ಸಿ, ಹೊರಗಿನಿಂದ ತರಿಸಿದ್ದಾದರೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಅರ್ಜಿಗಳನ್ನು ನೋಡಲು ರಾಜ್ಯದ ಮಟ್ಟದಲ್ಲಿ ಒಂದು ಸಮಿತಿ. ಎಲ್ಲ ಸರಿಯಿದ್ದರೆ 60 ದಿನದೊಳಗೆ ಫಾರ್ಮ್ 23ಎ ಕೈಗೆ ಬರಬೇಕು ಎಂಬುದು ನಿಯಮ. ನೋಂದಣಿ 10 ವರ್ಷಕ್ಕೆ. ಹೊಸದಾಗಿ ನೋಂದಾಯಿಸಿದ ಗಾಡಿಗೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುವ ನಂಬರ್. ಮೊದಲೇ ನಂಬರ್ ಇದ್ದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಬಿಎಂ, ಬಿಎಲ್, ಎಂಆರ್ ಅಕ್ಷರಗಳಿಂದ ಶುರುವಾಗುವ ಹಳೆಯ ಬೊಂಬಾಯಿ ನಂಬರುಗಳಿಗೆ ಈಗ ಇರುವ ಮರ್ಯಾದೆ ಅದರಿಂದಲೇ. ಕೆಲವರು ಕಾರನ್ನಲ್ಲ, ನಂಬರನ್ನು ನೋಡಿ ಹಣ ಕೊಡುತ್ತಾರೆ. ನನಗೆ ಅದು ಅರ್ಥವಾಗದ ಹುಚ್ಚು, ಇರಲಿ.

ಕಷ್ಟ ಇರುವುದು ಬರೆಸಿಕೊಂಡ ಮೇಲೆ. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ, ದುಡಿಮೆಗೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ವಿಂಟೇಜ್ ರ್‍ಯಾಲಿಗೆ, ತಾಂತ್ರಿಕ ಅಧ್ಯಯನಕ್ಕೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಹೀಗೆ ಹೋಗಿ ಬರಲು ಮಾತ್ರ ಅದು ಹೊರಗೆ ಬರಬೇಕು. ನಮ್ಮ ಕಡೆ ದೈವದ ಭಂಡಾರ ಇದೆಯಲ್ಲ, ನೇಮದ ದಿನ ಮೆರವಣಿಗೆಯಲ್ಲಿ ಹೊರಬಂದು, ಮುಗಿದ ಮೇಲೆ ಭಂಡಾರದ ಮನೆಗೆ ವಾಪಸು ಹೋಗುತ್ತದಲ್ಲ, ಹಾಗೆ. ನೀನು ನನಗೆ ಹೇಳಿದ್ದೇನು? ಶನಿವಾರ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಬೊರಿವಲಿಯಿಂದ ಮಾಟುಂಗಾಕ್ಕೆ ಇಡ್ಲಿ ತಿನ್ನಲು ಹೋಗುವುದು, ಮಳೆ ಮುಗಿದ ಮೇಲೆ ಒಮ್ಮೆ ಊರಿಗೂ ಓಡಿಸುವುದು. ಅದೇ ನಿನ್ನ ಆಸೆಯಾದರೆ ನಿನಗೆ ಬೇಕಾದದ್ದು ವಿಂಟೇಜ್ ಮುದ್ರೆ ಅಲ್ಲವೇ ಅಲ್ಲ. ಸಾಮಾನ್ಯ ಖಾಸಗಿ ಕಾರಾಗಿಯೇ ಅದನ್ನು ಇಟ್ಟುಕೋ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಪರೀಕ್ಷೆ, ನವೀಕರಣ, ಮೇಲೆ ಮಹಾರಾಷ್ಟ್ರದ ಪರಿಸರ ತೆರಿಗೆ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಸಾಮಾನ್ಯ ಕಾರಿಗೆ 5,000, ಆಮದು ಕಾರಿಗೆ 40,000 ಆಯಿತು. 20 ವರ್ಷ ದಾಟಿದವಕ್ಕೆ ಆಮೇಲೆ ಮತ್ತೂ ಏರಿತು. ಮರ್ಸಿಡಿಸ್ ಆಗ ಆಮದಿನ ಕಾರು ಎಂಬುದನ್ನು ಮರೆಯಬೇಡ. ಹಣ ಹೋಗುತ್ತದೆ, ಆದರೆ ಇಡ್ಲಿ ಸಿಗುತ್ತದೆ.

ಏಜೆಂಟ್ ಇನ್ನೊಂದು ಆಸೆ ತೋರಿಸಿದ್ದಾನಂತೆ, ಮದುವೆಗೆ, ಶೂಟಿಂಗಿಗೆ ಬಾಡಿಗೆಗೆ ಕೊಟ್ಟರೆ ಕಾರೇ ತನ್ನ ಖರ್ಚನ್ನು ದುಡಿಯುತ್ತದೆ ಎಂದು. ಇದೇ ಊರಿನಲ್ಲಿ ಸಿನಿಮಾದವರು ಹಳೇ ಕಾರುಗಳನ್ನು ಎಷ್ಟೋ ವರ್ಷದಿಂದ ಬಾಡಿಗೆಗೆ ಪಡೆಯುತ್ತಿರುವುದು ನಿಜ. ಆದರೆ ವಿಂಟೇಜ್ ನೋಂದಣಿ ಮಾಡಿಸಿ ಬಾಡಿಗೆಗೆ ಬಿಟ್ಟರೆ ನಿಯಮ ಮುರಿದ ಹಾಗೆ. ಖಾಸಗಿ ಪಾಲಿಸಿ ಇಟ್ಟುಕೊಂಡು ಬಾಡಿಗೆಗೆ ಬಿಟ್ಟು, ವರನ ಮೆರವಣಿಗೆಯಲ್ಲಿ ಯಾರ ಕಾಲಿನ ಮೇಲಾದರೂ ಹತ್ತಿಸಿದರೆ, ಕ್ಲೇಮ್ ನೋಡಲು ಬರುವ ನನ್ನಂಥವನು ಕೇಳುವ ಮೊದಲ ಪ್ರಶ್ನೆಯೇ "ಗಾಡಿ ಅಲ್ಲಿಗೆ ಯಾಕೆ ಹೋಗಿತ್ತು?"

ಮರ್ಸಿಡಿಸ್ ಎಂದ ಕೂಡಲೇ ಬರುವ ಲಕ್ಷುರಿ ಎಂಬ ಮಾತಿಗೂ ಬರುತ್ತೇನೆ. ಸರ್ಕಾರದ ನಿಯಮ ವೈಭವವನ್ನು ನೋಡುವುದೇ ಇಲ್ಲ, ವಯಸ್ಸು ನೋಡುತ್ತದೆ, ಮೂಲರೂಪ ನೋಡುತ್ತದೆ. ರೋಲ್ಸ್ ರಾಯ್ಸಿನ ಸಿಲ್ವರ್ ಶ್ಯಾಡೊ ತಯಾರಾದದ್ದು 1965ರಿಂದ 1980ರವರೆಗೆ. ಅದರಲ್ಲಿ 1974ರಲ್ಲಿ ರಸ್ತೆಗಿಳಿದದ್ದು ಇವತ್ತು ವಿಂಟೇಜ್ ಆಗಬಹುದು, 1979ರದು 2029ರವರೆಗೆ ಸುಮ್ಮನೆ ಹಳೇ ಕಾರು. ಅದೇ ಹೊತ್ತಿಗೆ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಎಪ್ಪತ್ತರ ದಶಕದ ಮೊದಲಲ್ಲಿ ಹೊರಬಂದ ಫಿಯೆಟ್ ಒಂದು ಯಾರದೋ ವಠಾರದಲ್ಲಿ ಮೂಲರೂಪದಲ್ಲೇ ಉಳಿದಿದ್ದರೆ, ಕಾನೂನಿನ ಕಣ್ಣಿಗೆ ಅದು ರೋಲ್ಸಿನ ಪಕ್ಕದಲ್ಲಿ ನಿಲ್ಲುತ್ತದೆ. ಅದರ ತಂಗಿ ಪದ್ಮಿನಿಗಳ ಗತಿ ನೋಡಿದೆಯಲ್ಲ. ಕಾಲಿ-ಪೀಲಿ ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ತಾರ್‌ದೇವಿನಲ್ಲಿ ರಿಜಿಸ್ಟರ್ ಆದದ್ದು 2003ರ ಅಕ್ಟೋಬರ್ 29ರಂದು. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. 2023ರ ಅಕ್ಟೋಬರ್ ಮುಗಿಯುವಾಗ ಅವು ರಸ್ತೆಯಿಂದ ಇಳಿದವು. ಊರಿಡೀ ಅತ್ತಿತು, ಫೋಟೊ ತೆಗೆಯಿತು. ಯಾವ ವಿಂಟೇಜ್ ನಿಯಮವೂ ಅವುಗಳ ನೆರವಿಗೆ ಬರಲಿಲ್ಲ, 50 ಎಲ್ಲಿ, 20 ಎಲ್ಲಿ!

ಈಗ ನನ್ನ ಸ್ವಂತ ಕಸುಬಿನ ಲೆಕ್ಕ. 2002ರ ಇಂಡಿಯಾ ಮೋಟಾರ್ ಟಾರಿಫ್ ಎಂಬ ಪುಸ್ತಕ ನಮಗೆಲ್ಲ ಬಾಯಿಪಾಠವಾಗಿತ್ತು. ಅದರಲ್ಲಿ ವಿಂಟೇಜ್ ಕಾರು ಎಂದರೆ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದದ್ದು, ಜೊತೆಗೆ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ಸರ್ಟಿಫೈ ಮಾಡಿದ್ದು. ಆ ಕ್ಲಬ್ ನಮ್ಮ ಮುಂಬಯಿಯದೇ. ಅಂಥ ಕಾರಿನ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ 25 ಶೇಕಡಾ ರಿಯಾಯಿತಿ. ಅದಕ್ಕಿಂತ ಮುಖ್ಯವಾದದ್ದು, ಇಂಥ ಕಾರಿಗೆ ಸವಕಳಿ ಕಳೆದು ಬೆಲೆ ಕಟ್ಟುವ ಬದಲು, ಕಂಪನಿಯೂ ಮಾಲೀಕನೂ ಮೊದಲೇ ಕೂತು ಒಪ್ಪಿದ ಬೆಲೆಗೆ ಪಾಲಿಸಿ ಮಾಡುವ ಪದ್ಧತಿ. 2007ರಲ್ಲಿ ಸ್ವಂತ ಹಾನಿಯ ದರಗಳ ಮೇಲಿನ ಟಾರಿಫ್ ಕಟ್ಟು ಸಡಿಲವಾಯಿತು. ಈಗ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಆದರೂ ನೀನು ಪಾಲಿಸಿ ಮಾಡಿಸುವಾಗ ಕೇಳಬೇಕಾದದ್ದು ಇದನ್ನೇ: ಬೆಲೆ ಒಪ್ಪಿ ಬರೆಯುತ್ತೀರಾ, ಇಲ್ಲವಾ? ಇಲ್ಲದಿದ್ದರೆ ನೀನು ಹದಿನೈದು ಲಕ್ಷ ಕೊಟ್ಟು ತಂದ ಗಾಡಿ ನಾಳೆ ಸುಟ್ಟುಹೋದರೆ, ಕಾಗದದಲ್ಲಿ ಅದರ ಬೆಲೆ ಒಂದು ಹಳೇ ಸ್ಕೂಟರಿನಷ್ಟು ಕಾಣಿಸಬಹುದು. ನಿನ್ನ 77ರ ಕಾರು 1940ರ ಆ ಗೆರೆಯಿಂದ ಬಹಳ ಈಚೆಗೆ ಬರುತ್ತದೆ, ಹಾಗಾಗಿ ಮಾತನಾಡಿಯೇ ಗಿಟ್ಟಿಸಿಕೊಳ್ಳಬೇಕು. ಚರ್ಚ್‌ಗೇಟಿನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಶನ್ನಿಗೆ ಮೆಂಬರ್ ಆಗು. 1919ರಿಂದ ಇರುವ ಸಂಸ್ಥೆ. ಟಾರಿಫ್ ಪುಸ್ತಕದಲ್ಲಿ ಮೆಂಬರಿಗೆ ಸಿಗುತ್ತಿದ್ದ ರಿಯಾಯಿತಿ ಹೆಚ್ಚೆಂದರೆ 200 ರೂಪಾಯಿ, ಅದಕ್ಕಾಗಿ ಅಲ್ಲ. ಹಳೇ ಕಾರಿನವರ ಪರಿಚಯ ಆಗುವ ಜಾಗ ಅಂತ ಹೇಳಿದೆ.

ಹೊರದೇಶದ ಲೆಕ್ಕಗಳು ಇನ್ನೂ ಗಮ್ಮತ್ತಿನವು. ಇಂಗ್ಲೆಂಡಿನಲ್ಲಿ 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿಗೆ 1930 ಮುಗಿಯುವುದರೊಳಗೆ ತಯಾರಾದದ್ದು ಮಾತ್ರ ವಿಂಟೇಜ್. ಎಷ್ಟು ದೊಡ್ಡ ಮಹಾರಾಜನ ಕಾರಾದರೂ 31ರದ್ದಾದರೆ ಹೊರಗೆ, ಒಳ್ಳೆಯದಾದರೆ ಬೇರೆ ಹೆಸರಿನ ಸಾಲಿನಲ್ಲಿ ನಿಲ್ಲಬೇಕು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 30 ವರ್ಷ ದಾಟಿದ್ದನ್ನೆಲ್ಲ ಐತಿಹಾಸಿಕ ವಾಹನ ಎನ್ನುತ್ತದೆ. ದಿನನಿತ್ಯದ ಓಡಾಟಕ್ಕೆ ಬಳಸಬಾರದು, ಚರಿತ್ರೆಗೆ ತಕ್ಕಂತೆ ಕಾಪಾಡಿರಬೇಕು ಎಂಬ ಷರತ್ತಿನೊಂದಿಗೆ. ಜರ್ಮನಿಯಲ್ಲೂ 30 ವರ್ಷಕ್ಕೆ ನಂಬರ್ ಪ್ಲೇಟಿನ ಕೊನೆಗೆ 'ಎಚ್' ಅಕ್ಷರ ಸಿಗುತ್ತದೆ. ಅಂದರೆ ನಿನ್ನ ಏಜೆಂಟ್ ತೋರಿಸುತ್ತಿರುವ ಕಾರು ತನ್ನ ತವರಿನಲ್ಲೇ ಉಳಿದಿದ್ದರೆ ಎಂದೋ ಹಿರಿಯ ಎನಿಸಿಕೊಳ್ಳುತ್ತಿತ್ತು. ತವರಿನಲ್ಲಿ ಅದು ಟ್ಯಾಕ್ಸಿಯಾಗಿಯೂ ದುಡಿದಿದೆ ಎಂಬುದನ್ನು ಅವನು ನಿನಗೆ ಹೇಳಿರಲಾರ. 1976ರಿಂದ 85ರ ಆಸುಪಾಸಿನವರೆಗೆ ಸುಮಾರು 27 ಲಕ್ಷ ಡಬ್ಲ್ಯು123ಗಳು ತಯಾರಾದವು. ಗಟ್ಟಿ ಕಾರು, ಒಳ್ಳೆಯ ಕಾರು. ಅಪರೂಪದ ಕಾರು ಮಾತ್ರ ಅಲ್ಲ. ಅಪರೂಪದ ಬೆಲೆ ಕೊಡಬೇಡ.

ಲಕ್ಷುರಿಯನ್ನೇ ಅಳತೆಗೋಲು ಮಾಡಿಕೊಂಡವರು ಅಮೆರಿಕದವರು. 1952ರಲ್ಲಿ ಶುರುವಾದ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಅಮೆರಿಕ 'ಫುಲ್ ಕ್ಲಾಸಿಕ್' ಎಂದು ಒಂದು ಪಟ್ಟಿ ಮಾಡಿಟ್ಟಿದೆ. ಈಗಿನ ಅವಧಿ 1915ರಿಂದ 1948. ಆ ಅವಧಿಯ ರೋಲ್ಸ್ ರಾಯ್ಸ್ ಎಲ್ಲವೂ ಒಳಗೆ, ಡ್ಯೂಸನ್‌ಬರ್ಗ್ ಒಳಗೆ, ಕ್ಯಾಡಿಲ್ಯಾಕಿನ 12 ಮತ್ತು 16 ಸಿಲಿಂಡರಿನವು ಒಳಗೆ, ಮರ್ಸಿಡಿಸ್ಸಿನ 540ಕೆ ಒಳಗೆ. ಪ್ಯಾಕರ್ಡ್ ಎಂಬ ದೊಡ್ಡ ಹೆಸರೊಂದೇ ಸಾಲದು, 1935ರ ನಂತರ ಆ ಕಂಪನಿ ತಂದ ಅಗ್ಗದ ಮಾಡೆಲುಗಳು ಸಾಮಾನ್ಯವಾಗಿ ಹೊರಗೆ. ಫೋರ್ಡ್ ಹೊರಗೆ, ಅದೇ ಮನೆಯ ಲಿಂಕನ್‌ಗಳಲ್ಲಿ ಒಳ್ಳೊಳ್ಳೆಯವು ಒಳಗೆ. ಪಂಕ್ತಿಭೇದ ಅನ್ನು ಬೇಕಾದರೆ. ನನಗೆ ಆ ಪಟ್ಟಿಯಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ: ಹಳೆಯದೆಲ್ಲ ಹಿರಿದಲ್ಲ ಎಂದು ಮುಖದ ಮೇಲೆ ಹೇಳುತ್ತದೆ. ಆದರೆ ಅದು ಒಂದು ಕ್ಲಬ್ಬಿನ ಪಟ್ಟಿ. ಬಾಂದ್ರಾದ ಬ್ರೋಕರ್ ಒಬ್ಬ 'ಫುಲ್ ಕ್ಲಾಸಿಕ್' ಎಂದು ಬಾಯಿ ತುಂಬ ಹೇಳಿದರೆ, ಯಾವ ಇಸವಿ, ಯಾವ ಮಾಡೆಲ್ ಎಂದು ಕೇಳಿ ಪಟ್ಟಿ ನೋಡು. ಅವನ ಬಾಯಿ ಮುಚ್ಚುವ ವೇಗವನ್ನೂ ನೋಡು.

ಈ ಎಲ್ಲ ಲೆಕ್ಕಗಳೂ ಒಂದೇ ಕಾರಿನ ಮೇಲೆ ಬಂದು ಕೂತ ಕಥೆ ನಮ್ಮ ಬಾಂಬೆ ಹೈಕೋರ್ಟಿನಲ್ಲೇ ಇದೆ. ಒಬ್ಬ ಗೃಹಸ್ಥರು 1983ರಲ್ಲಿ 20,000 ರೂಪಾಯಿಗೆ 1931ರ ಫೋರ್ಡ್ ಟೂರರ್ ಕೊಂಡರು. ತೊಂಬತ್ತರ ದಶಕದ ಆರಂಭದಲ್ಲಿ 21 ಲಕ್ಷಕ್ಕೆ ಮಾರಿದರು. ಸ್ವಂತ ಬಳಕೆಯ ವಸ್ತು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ, ಕಾರೂ ಅಂಥದ್ದೇ ಎಂಬುದು ಅವರ ವಾದ. ಆದಾಯ ತೆರಿಗೆಯವರು ಒಪ್ಪಲಿಲ್ಲ. ಕೇಸು ಹತ್ತಿ ಇಳಿದು 2025ರಲ್ಲಿ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. ಕಾರು ಸ್ವಂತಕ್ಕೆ ಬಳಸಬಹುದಾದ ವಸ್ತು ಎಂದರೆ ಸಾಲದು, ನಿಜವಾಗಿ ಬಳಸಿದ್ದೀರಿ ಎಂಬುದಕ್ಕೆ ಪುರಾವೆ ಬೇಕು, ಅದು ಇಲ್ಲ, ಹಾಗಾಗಿ ತೆರಿಗೆ ಕಟ್ಟಬೇಕು.

ಈಗ ಆ ಫೋರ್ಡನ್ನು ಮನಸ್ಸಿನಲ್ಲಿಟ್ಟುಕೋ. 1931ರದಾದ್ದರಿಂದ ಇಂಗ್ಲೆಂಡಿನ ಕ್ಲಬ್ಬಿಗೆ ಅದು ವಿಂಟೇಜ್ ಅಲ್ಲ, ಒಂದು ವರ್ಷ ತಡ. ಫೋರ್ಡಾದ್ದರಿಂದ ಅಮೆರಿಕದ ಪಟ್ಟಿಗೆ ಕ್ಲಾಸಿಕ್ ಅಲ್ಲ. 1940ಕ್ಕೆ ಮೊದಲಿನದಾದ್ದರಿಂದ ನಮ್ಮ ಟಾರಿಫ್ ಪುಸ್ತಕಕ್ಕೆ, ಕ್ಲಬ್ಬಿನ ಕಾಗದ ಇದ್ದರೆ, ವಿಂಟೇಜ್. ಮೂಲರೂಪ ಕೆಟ್ಟಿರದಿದ್ದರೆ 2021ರ ನಿಯಮಕ್ಕೂ ವಿಂಟೇಜ್. ಆದರೆ ಆದಾಯ ತೆರಿಗೆಯವರಿಗೆ ಅದು ಲಾಭಕ್ಕೆ ಮಾರಿದ ಆಸ್ತಿ. ಸೂಕ್ಷ್ಮ ಎಲ್ಲಿದೆ ಗೊತ್ತಾಯಿತಾ? ಸಾರಿಗೆ ಇಲಾಖೆ ದಿನಾ ಬಳಸಬೇಡ ಎನ್ನುತ್ತದೆ, ತೆರಿಗೆ ಇಲಾಖೆ ಬಳಸಿದ್ದನ್ನು ತೋರಿಸು ಎನ್ನುತ್ತದೆ. ಮುಂದೆ ಮಾರುವ ಯೋಚನೆ ನಿನಗೆ ಈಗ ಇಲ್ಲ. ಇದ್ದರೂ ಇಲ್ಲದಿದ್ದರೂ ಪೆಟ್ರೋಲ್ ಬಿಲ್ಲು, ಗ್ಯಾರೇಜಿನ ರಸೀತಿ, ಮನೆಯವರು ಕೂತ ಫೋಟೊ ಎಲ್ಲ ಒಂದು ಫೈಲಿನಲ್ಲಿ ಇಡು. ನಿನ್ನ ಸಿಎ ಹತ್ತಿರ ಕೊಳ್ಳುವ ಮೊದಲೇ ಮಾತಾಡು. ಮಾರಿದ ಮೇಲೆ ಮಾತಾಡಿದರೆ ಅವನು ಬರೀ ತಲೆ ಆಡಿಸುತ್ತಾನೆ.

ಇನ್ನು ಮೂಲರೂಪದ ವಿಷಯ. ನನ್ನ ಜೀವಮಾನದ ಕಸುಬು ಇದೇ ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ, ತಾಳ್ಮೆ ಇರಲಿ.

ಮುಂಬಯಿಯ ಹಳೇ ದೊಡ್ಡ ಕಾರುಗಳು ಪಾಪ ಬಹಳ ಅನುಭವಿಸಿವೆ. ಪೆಟ್ರೋಲ್ ದುಬಾರಿಯಾದ ಎಪ್ಪತ್ತರ ದಶಕದಲ್ಲಿ ಡಾಡ್ಜ್, ಪ್ಲಿಮತ್, ಇಂಪಾಲಾಗಳ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದವರು ಎಷ್ಟೋ ಮಂದಿ. ಆಗ ಅದು ಬುದ್ಧಿವಂತಿಕೆ. ಇವತ್ತು ಅಂಥ ಕಾರು ವಿಂಟೇಜ್ ಸಮಿತಿಯ ಮುಂದೆ ನಿಂತರೆ ಎಂಜಿನ್ ಬದಲಾಗಿದೆ ಎಂಬ ಒಂದೇ ಮಾತಿಗೆ ವಾಪಸು ಬರಬಹುದು. ಇನ್ನು ಕೆಲವನ್ನು ಸಿನಿಮಾದ ಹಾಡಿಗಾಗಿ, ಮದುವೆಯ ಮೆರವಣಿಗೆಗಾಗಿ ತಲೆ ಕತ್ತರಿಸಿ 'ಖುಲ್ಲಾ' ಕಾರು ಮಾಡಿದರು. ಛಾವಣಿ ಇದ್ದ ಸೆಡಾನನ್ನು ಕತ್ತರಿಸಿದರೆ ಬಾಡಿಯೇ ಬದಲಾದಂತೆ. ಮಾರುವವನು ಅದನ್ನು 'ಕನ್ವರ್ಟಿಬಲ್' ಎಂದು ಎರಡು ಪಟ್ಟು ಹೇಳುತ್ತಾನೆ. ಕಾನೂನು ಅದನ್ನು ಅರ್ಧಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳದು. ಬಾಗಿಲಿನ ಕಂಬದ ಬುಡದಲ್ಲಿ, ಹಿಂದಿನ ಸೀಟಿನ ಬೆನ್ನಿನ ಹಿಂದೆ ವೆಲ್ಡಿಂಗಿನ ಗುರುತು ಹುಡುಕು. ಬಣ್ಣ ಎಷ್ಟು ದಪ್ಪ ಬಳಿದರೂ ಬೆರಳಿಗೆ ಸಿಗುತ್ತದೆ.

ರೋಲ್ಸಿನ ವಿಷಯ ಇನ್ನೂ ಬೇರೆ. ಎರಡನೇ ಮಹಾಯುದ್ಧದವರೆಗೆ ರೋಲ್ಸ್ ಕಂಪನಿ ಮಾರುತ್ತಿದ್ದದ್ದು ಚಾಸಿ ಮತ್ತು ಎಂಜಿನ್ ಮಾತ್ರ. ಮೇಲಿನ ಬಾಡಿಯನ್ನು ಹೂಪರ್, ಬಾರ್ಕರ್, ಥ್ರಪ್ ಅಂಡ್ ಮೇಬರ್ಲಿ ಮುಂತಾದ ಕೋಚ್‌ಬಿಲ್ಡರುಗಳು ಗಿರಾಕಿಗೆ ಬೇಕಾದಂತೆ ಕಟ್ಟಿ ಕೊಡುತ್ತಿದ್ದರು. ರಾಜರುಗಳು ಬೇಸರ ಬಂದಾಗ ಬಾಡಿ ಬದಲಿಸಿದ್ದೂ ಉಂಟು. ಹಾಗಾದರೆ ಯಾವುದು ಮೂಲ? ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಎಂಥೂಸಿಯಾಸ್ಟ್ಸ್ ಕ್ಲಬ್ ಹತ್ತಿರ ಚಾಸಿ ನಂಬರಿಗೊಂದರಂತೆ ಹಳೇ ದಾಖಲೆಗಳಿವೆ. ಯಾವ ಬಾಡಿ, ಯಾರಿಗೆ ಹೋಯಿತು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಮರ್ಸಿಡಿಸ್ಸಿಗೂ ಕಾರ್ಖಾನೆಯ ಡೇಟಾ ಕಾರ್ಡ್ ಇರುತ್ತದೆ, ಚಾಸಿ, ಎಂಜಿನ್ ನಂಬರ್, ಬಣ್ಣ, ಒಳಗಿನ ಬಟ್ಟೆಯವರೆಗೆ. ಅದನ್ನು ತರಿಸಿ ಕಾರಿನ ಪಕ್ಕ ಇಟ್ಟು ಓದು. ಇಲ್ಲಿಯೇ ಜೋಡಿಸಿದ ಅಮೆರಿಕನ್ ಕಾರುಗಳೂ ಬಹಳ ಇವೆ: ಜನರಲ್ ಮೋಟರ್ಸ್ 1928ರಲ್ಲೇ ಶಿವಡಿಯಲ್ಲಿ ಕಾರ್ಖಾನೆ ಹಾಕಿತ್ತು, ಸ್ವಾತಂತ್ರ್ಯದ ಹೊತ್ತಿಗೆ ಪ್ರೀಮಿಯರ್‌ನವರು ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ಜೋಡಿಸತೊಡಗಿದ್ದರು. ಅವು ಅಪ್ಪಟ ಅಲ್ಲ ಎಂದು ಯಾರಾದರೂ ಮೂಗು ಮುರಿದರೆ ಕೇಳಬೇಡ. ನನಗೆ ಕೇಳಿದರೆ ಈ ಊರಿಗೆ ಅವೇ ಹೆಚ್ಚು ಅಪ್ಪಟ.

ಬಿಡಿಭಾಗಗಳ ಬಗ್ಗೆ ಎಚ್ಚರ. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಕಾರು ಬಿಚ್ಚಿ ಮಾರುವ ಅಂಗಡಿಗಳಲ್ಲಿ ಒಂದು ಕಾರಿನ ಮೂತಿ, ಇನ್ನೊಂದರ ಬೆನ್ನು ಸಿಗುತ್ತದೆ. ಮಟನ್ ಸ್ಟ್ರೀಟಿನ ಚೋರ್ ಬಜಾರಿನಲ್ಲಿ ಹಬ್‌ಕ್ಯಾಪು, ಬ್ಯಾಡ್ಜು, ರೋಲ್ಸಿನ ರೆಕ್ಕೆ ಬಿಚ್ಚಿದ ಹೆಂಗಸಿನ ನಕಲಿ ಬೊಂಬೆ. ರಿಪೇರಿಗೆ ಅವು ಬೇಕೇಬೇಕು, ನಾನು ಬೈಯುವುದಿಲ್ಲ. ನಂಬರಿನ ತಗಡನ್ನೂ ರಿವೆಟ್ ಹೊಡೆದು ಕೂರಿಸಬಹುದು, ಅದಕ್ಕೆ ತಗಡನ್ನು ನಂಬಬೇಡ; ಲೋಹದ ಮೈಮೇಲೆ ಒತ್ತಿದ ನಂಬರನ್ನು ಟಾರ್ಚ್ ಹಾಕಿ ನೋಡು. ಸುತ್ತಲಿನ ಲೋಹ ತಿಕ್ಕಿದ್ದಾರಾ, ಅಂಕೆಗಳು ಒಂದೇ ಸಾಲಿನಲ್ಲಿವೆಯಾ ನೋಡು. ಇದನ್ನು ನಿನಗೆ ಕಲಿಸಲು ನಾನೇ ಬರುತ್ತೇನೆ, ಮೊಣಕಾಲು ಒಪ್ಪಿದರೆ.

'ಪಾರ್ಸಿ ಓನರ್' ಎಂಬ ಮಾತಿಗೆ ಮುಂಬಯಿಯಲ್ಲಿ ಬೆಲೆ ಇದೆ, ಸುಮ್ಮನೆ ಅಲ್ಲ. ದಾದರ್ ಪಾರ್ಸಿ ಕಾಲೊನಿಯಲ್ಲಿ ಭಾನುವಾರ ಬೆಳಿಗ್ಗೆ ಬನಿಯನ್ ಹಾಕಿಕೊಂಡು ತಾವೇ ಕಾರು ಒರೆಸುವ ಮುದುಕರನ್ನು ನಾನು ಬಹಳ ನೋಡಿದ್ದೇನೆ. ಆದರೆ ಈ ಮಾತು ಎಲ್ಲ ಏಜೆಂಟರ ಬಾಯಲ್ಲೂ ಇರುವುದರಿಂದ, ಆ ಪಾರ್ಸಿ ಯಾರು, ಆರ್‌ಸಿಯಲ್ಲಿ ಅವರ ಹೆಸರಿದೆಯಾ, ಅವರು ಇದ್ದಾರಾ ಎಂದು ಕೇಳು. ಹಳೇ ಕಾರಿನ ಆರ್‌ಸಿ ಎಷ್ಟೋ ಸಲ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ವಾರಸುದಾರರು ಮೊದಲು ಫಾರ್ಮ್ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ 29, 30ರಲ್ಲಿ ನಿನಗೆ ಮಾರಬೇಕು. ಮೂವರು ಮಕ್ಕಳಲ್ಲಿ ಒಬ್ಬ ಟೊರೊಂಟೊದಲ್ಲಿದ್ದು ಸಹಿ ಹಾಕದಿದ್ದರೆ ಕಾರು ನಿನ್ನ ಗ್ಯಾರೇಜಿನಲ್ಲಿ, ಹಕ್ಕು ಇನ್ನೆಲ್ಲೋ. ಎಪ್ಪತ್ತು ಎಂಬತ್ತರ ದಶಕದ ಮರ್ಸಿಡಿಸ್‌ಗಳಲ್ಲಿ ಕೆಲವು ರಾಯಭಾರ ಕಚೇರಿಗಳವರು ತಂದು, ಆಮೇಲೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಶನ್ ಮೂಲಕ ಮಾರಾಟವಾದವು. ಅದರ ಕಾಗದ ಇದ್ದರೆ ಒಳ್ಳೆಯದು, ಮೊದಲ ರಿಜಿಸ್ಟ್ರೇಶನ್ ಯಾವಾಗ ಎಂಬುದೂ ಅದರಲ್ಲೇ ಬಿಚ್ಚಿಕೊಳ್ಳುತ್ತದೆ. ಕಾಗದ ಇಲ್ಲ, ಕಸ್ಟಮ್ಸ್ ಕಟ್ಟಿದ್ದಕ್ಕೆ ಗುರುತಿಲ್ಲ ಎಂದಾದರೆ, ಕಾರು ಎಷ್ಟೇ ಹೊಳೆಯಲಿ, ನಮಸ್ಕಾರ ಹೇಳಿ ಬಾ.

ಮತ್ತೆ, 2005ರ ಜುಲೈ 26. ನೀನಾಗ ಸಣ್ಣವನು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಕಾಲಿನಾ, ಕುರ್ಲಾ, ಸಾಕಿನಾಕಾಗಳಲ್ಲಿ ಕಾರುಗಳು ಛಾವಣಿಯವರೆಗೆ ಮುಳುಗಿದ್ದವು. ಅವುಗಳಲ್ಲಿ ಹಲವು ಒಣಗಿ, ಬಣ್ಣ ಬಳಿಸಿಕೊಂಡು, ಬೇರೆ ಊರು ಸುತ್ತಿ ಮತ್ತೆ ಮಾರುಕಟ್ಟೆಗೆ ಬಂದವು. ಉಪನಗರದ ಗಾಡಿಯಾದರೆ ಮ್ಯಾಟ್ ಎತ್ತಿ ನೋಡು, ಸೀಟಿನ ಅಡಿಯ ಸ್ಪ್ರಿಂಗ್ ಮುಟ್ಟು, ಹೆಡ್‌ಲೈಟಿನ ಒಳಗೆ ಕೆಸರಿನ ಗೆರೆ ಇದೆಯಾ ನೋಡು. ಮಳೆಯೇ ಬೇಡ, ಸಮುದ್ರದ ಉಪ್ಪು ಗಾಳಿಯೊಂದೇ ಇಲ್ಲಿ ಸಾಕು. ನಿಮ್ಮ ಸೊಸೈಟಿಯಲ್ಲಿ ಮುಚ್ಚಿದ ಪಾರ್ಕಿಂಗ್ ನಿನ್ನ ಹೆಸರಿನಲ್ಲಿ ಇದೆಯಾ? ಸೆಕ್ರೆಟರಿ ಬಾಯಿಮಾತಿನಲ್ಲಿ ಹೇಳಿದ್ದಲ್ಲ, ಕಾಗದದಲ್ಲಿ. ತೆರೆದ ಜಾಗದಲ್ಲಿ ನಾಲ್ಕು ತಿಂಗಳ ಮಳೆಗೆ ನಿಲ್ಲಿಸುವುದಾದರೆ ಕೊಳ್ಳುವುದೇ ಬೇಡ, ಆ ಪಾಪ ನಿನಗೇಕೆ.

ಇದೆಲ್ಲ ಕೇಳಿ ಉತ್ಸಾಹ ಇಳಿಯಿತಾ? ಇಳಿಯದಿದ್ದರೆ ಒಳ್ಳೆಯ ಲಕ್ಷಣ. ಈ ಸಲ ಊರಿಗೆ ಹೋದಾಗ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಕಡೆಯ ಹಳೇ ಕಾರುಗಳನ್ನು ಒಂದು ದಿನ ಸಾವಕಾಶವಾಗಿ ನೋಡು, ದರ್ಶನದ ಅವಸರದಲ್ಲಿ ಅಲ್ಲ. ಹೆಗ್ಗಡೆಯವರು ಕೂಡಿಸಿದ ಸಂಗ್ರಹ ಅದು. ಕಾಯ್ದು ಇಟ್ಟ ಕಾರು ಹೇಗಿರುತ್ತದೆ ಎಂಬುದು ಒಮ್ಮೆ ಕಣ್ಣಿಗೆ ಕೂತರೆ, ಬಳಿದು ನಿಲ್ಲಿಸಿದ್ದು ಯಾವುದು ಎಂದು ತಾನೇ ಗೊತ್ತಾಗುತ್ತದೆ.

ಏಜೆಂಟಿಗೆ ಟೋಕನ್ ಹಣ ಕೊಡಬೇಡ. ಆರ್‌ಸಿಯ ಎರಡೂ ಬದಿ, ಚಾಸಿ ಮೇಲೆ ಒತ್ತಿದ ನಂಬರು, ಎಂಜಿನ್ ನಂಬರು, ಕಸ್ಟಮ್ಸ್ ಅಥವಾ ಎಸ್‌ಟಿಸಿ ಕಾಗದ, ಇಷ್ಟರ ಫೋಟೊ ಕೇಳು. ಎರಡು ದಿನದಲ್ಲಿ ಕಳಿಸಿದರೆ ಭಾನುವಾರ ನೋಡಲು ಹೋಗೋಣ, ಬೆಳಿಗ್ಗೆಯೇ, ಎಂಜಿನ್ ತಣ್ಣಗಿರುವಾಗ. ಅವನು ಅದಕ್ಕೆ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಇಟ್ಟಿದ್ದರೆ ಬಾನೆಟ್ ಮುಟ್ಟಿ ನೋಡಿ ಹೇಳುತ್ತೇನೆ. ಅಕ್ಕನಿಗೆ ಸದ್ಯಕ್ಕೆ ಏನೂ ಹೇಳಬೇಡ.

ನಿನ್ನ ಮಾವ